ಮಗು ‘ಸಾಲಿಗೆ ಹೋಗಲ್ಲ’ ಎಂದಾಗ

ಸೋಮವಾರದ ಬೆಳಗು. ಒಲೆಯ ಮೇಲೆ ರೊಟ್ಟಿ. ಬಾಗಿಲಲ್ಲಿ ಕೂಲಿಗೆ ಕರೆಯಲು ಬಂದ ನೆರೆಮನೆಯಾಕೆ. ಐದನೇ ತರಗತಿಯ ಮಗಳು ಚೀಲವನ್ನು ಮೂಲೆಗೆ ತಳ್ಳಿ, “ಅವ್ವಾ, ಹೊಟ್ಟೆ ನೋವು, ಸಾಲಿಗೆ ಹೋಗಲ್ಲ” ಎನ್ನುತ್ತಾಳೆ. ಹೋದ ಸೋಮವಾರವೂ ಇದೇ ಹೊಟ್ಟೆನೋವು. ನಿನ್ನೆ ಭಾನುವಾರ ಇರಲಿಲ್ಲ. ಬೇಸಿಗೆ ರಜೆಯಲ್ಲಂತೂ ಒಂದು ದಿನವೂ ಇರಲಿಲ್ಲ. ಅವ್ವನಿಗೆ ಹೊತ್ತಾಗುತ್ತಿದೆ, ಸಿಟ್ಟು ಬರುತ್ತದೆ. ಬೆನ್ನಿಗೊಂದು ಕೊಟ್ಟು, ಕೈ ಹಿಡಿದೆಳೆದು ಶಾಲೆಯ ದಾರಿಗೆ ಬಿಟ್ಟು ಬರುತ್ತಾಳೆ. ಮಗಳು ಅಳುತ್ತಾ ಹೋಗುತ್ತಾಳೆ. ಅವ್ವನೂ ಕಣ್ಣೊರೆಸಿಕೊಂಡು ಹೊಲಕ್ಕೆ ಹೋಗುತ್ತಾಳೆ.

ಶಿಕಾರಿಪುರ, ಸೊರಬ ತಾಲ್ಲೂಕಿನ ಯಾವ ಊರಿನಲ್ಲಾದರೂ ಈ ಬೆಳಗು ಆಗಬಹುದು. ಶಿರಾಳಕೊಪ್ಪದ ಪೇಟೆಯಲ್ಲಿ, ಆನವಟ್ಟಿಯ ಓಣಿಯಲ್ಲಿ, ಯಾವುದೋ ತಾಂಡಾದಲ್ಲಿ. ನಮ್ಮಲ್ಲಿ ಎಷ್ಟೋ ಜನ ಆ ಅವ್ವನ ಜಾಗದಲ್ಲಿ ನಿಂತಿದ್ದೇವೆ. ಮಗುವಿನ ಬೆನ್ನಿಗೆ ಕೊಟ್ಟಿದ್ದೇವೆ. ಆ ಹೊಟ್ಟೆನೋವು ಸುಳ್ಳಲ್ಲ ಎಂದು ನಮಗೆ ಯಾರೂ ಹೇಳಿರಲಿಲ್ಲ. ಹೆದರಿದ ಮಗುವಿನ ಹೊಟ್ಟೆ ನಿಜಕ್ಕೂ ನೋಯುತ್ತದೆ. ಗಂಡನ ಹೆಜ್ಜೆಯ ಸದ್ದು ಕೇಳಿದೊಡನೆ ಹೊಟ್ಟೆಯಲ್ಲಿ ಕಲಸಿದಂತಾಗುವುದನ್ನು ಅನುಭವಿಸಿದ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸಂಚಿಕೆಯಲ್ಲಿ ನಾವು ಮಾತಾಡಬೇಕೆಂದಿರುವುದು ಶಾಲೆಯಲ್ಲಿ, ಶಾಲೆಯ ದಾರಿಯಲ್ಲಿ ಇತರರ ಕಾಟಕ್ಕೆ ಸಿಕ್ಕ ಮಕ್ಕಳ ಬಗ್ಗೆ. ವರದಕ್ಷಿಣೆ, ಹೊಡೆತ ಬಡಿತದ ಬಗ್ಗೆ ಬರೆಯುವ ಪತ್ರಿಕೆಗೆ ಇದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಮುಂದೆ ಓದಿ, ಆಮೇಲೆ ನೀವೇ ಹೇಳಿ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಮಕ್ಕಳೆಂದ ಮೇಲೆ ಜಗಳವಾಡುತ್ತಾರೆ. ಬೆಳಿಗ್ಗೆ ಠೂ ಬಿಟ್ಟು ಸಂಜೆಗೆ ಒಂದೇ ಪೇರಲಹಣ್ಣು ಕಚ್ಚಿ ತಿನ್ನುತ್ತಾರೆ. ಅದು ಜಗಳ, ಅದಕ್ಕೆ ದೊಡ್ಡವರು ನಡುವೆ ಬರಬೇಕಾಗಿಲ್ಲ. ಆದರೆ ಬಲವಿದ್ದವನೊಬ್ಬ, ಅಥವಾ ನಾಲ್ಕು ಜನರ ಗುಂಪು, ತಿರುಗಿ ಮಾತಾಡಲಾಗದ ಒಂದು ಮಗುವನ್ನು ಆರಿಸಿಕೊಂಡು, ದಿನ ಬೆಳಗಾದರೆ ಹಂಗಿಸುವುದು, ತಳ್ಳುವುದು, ಪುಸ್ತಕ ಹರಿಯುವುದು, ಅಡ್ಡ ಹೆಸರು ಹಿಡಿದು ಕೂಗುವುದು, ಆಟಕ್ಕೆ ಸೇರಿಸದಿರುವುದು ಜಗಳವಲ್ಲ, ದೌರ್ಜನ್ಯ. ಅದು ಪದೇ ಪದೇ ನಡೆಯುತ್ತದೆ, ಬೇಕೆಂದೇ ನಡೆಯುತ್ತದೆ, ಒಂದು ಕಡೆ ಬಲ ಇನ್ನೊಂದು ಕಡೆ ಭಯ ಇರುತ್ತದೆ. ಈ ಮೂರೂ ಗುರುತು ಕಂಡರೆ ಅದನ್ನು ‘ಮಕ್ಕಳ ಜಗಳ’ ಎಂದು ತಳ್ಳಿಹಾಕಬಾರದು.

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ನಾವು ಎಷ್ಟು ಸಲ ಕೇಳಿದ್ದೇವೆ! ತಲೆ ಒಡೆದು ರಕ್ತ ಸುರಿಯುತ್ತಿದ್ದರೂ ಊರ ಹಿರಿಯರು ಇದೇ ಗಾದೆ ಹೇಳಿ ಮನೆಗೆ ಕಳಿಸಿದ್ದಾರೆ. ಗಾದೆಯ ಮರೆಯಲ್ಲಿ ಎಷ್ಟೋ ಅಕ್ಕತಂಗಿಯರು ಸತ್ತಿದ್ದಾರೆ. ‘ಮಕ್ಕಳ ಜಗಳ’ ಎಂಬ ಮಾತೂ ಅದೇ ಜಾತಿಗೆ ಸೇರಿದ್ದು. ಅದು ಜಗಳವನ್ನು ನಿಲ್ಲಿಸುವುದಿಲ್ಲ, ಮುಚ್ಚಿಡುತ್ತದೆ ಅಷ್ಟೆ.

ಇನ್ನು ಯಾವ ಮಗುವನ್ನು ಆರಿಸಿಕೊಳ್ಳುತ್ತಾರೆ ನೋಡಿ. ಕಪ್ಪಗಿರುವ ಮಗು. ದಪ್ಪಗಿರುವ ಮಗು. ತೊದಲುವ ಮಗು. ಕಾಲು ಎಳೆದು ನಡೆಯುವ ಮಗು. ಹೆಣ್ಣಿನ ಹಾಗೆ ನಡೆಯುತ್ತಾನೆಂದು ಹೆಸರಿಟ್ಟ ಹುಡುಗ. ದಲಿತರ ಕೇರಿಯಿಂದ ಬರುವ ಮಗು. ಮನೆಯಲ್ಲಿ ಲಂಬಾಣಿ ಮಾತಾಡಿ ಶಾಲೆಯಲ್ಲಿ ಕನ್ನಡಕ್ಕೆ ತಡವರಿಸುವ ತಾಂಡಾದ ಮಗು. ತಾಯಿತಂದೆ ಗುಳೆ ಹೋಗಿ ಅಜ್ಜಿಯ ಹತ್ತಿರ ಉಳಿದ ಮಗು. ಅಪ್ಪ ಕುಡಿದು ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿದ್ದನ್ನು ಊರೆಲ್ಲಾ ನೋಡಿದ ಮಗು. ಮತ್ತು ಗೆಳತಿಯರೇ, ನಮ್ಮ ಮಕ್ಕಳು. ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದವಳ ಮಗ, ಕೇಸು ಹಾಕಿದವಳ ಮಗಳು. “ನಿಮ್ಮಪ್ಪ ನಿಮ್ಮವ್ವನ್ನ ಓಡಿಸ್ಯಾನಂತಲ್ಲ” ಎಂದು ಎಂಟು ವರ್ಷದ ಮಗುವನ್ನು ಎಂಟು ವರ್ಷದ ಇನ್ನೊಂದು ಮಗು ಕೇಳುತ್ತದೆ. ಆ ಮಾತು ಅದರದ್ದಲ್ಲ. ಮನೆಯ ಕಟ್ಟೆಯ ಮೇಲೆ ದೊಡ್ಡವರು ಆಡಿದ್ದನ್ನು ಮಗು ಶಾಲೆಗೆ ಹೊತ್ತು ತಂದಿದೆ.

ವರದಕ್ಷಿಣೆಗಾಗಿ ತಾಯಿಯನ್ನು ಕಳೆದುಕೊಂಡು ಅಜ್ಜಿಯ ಮನೆಯಲ್ಲಿ ಬೆಳೆಯುವ ಮಗುವಿನ ಪಾಡು ಇನ್ನೂ ಕಷ್ಟ. “ನಿಮ್ಮವ್ವ ಹೆಂಗೆ ಸತ್ತಳು?” ಎಂಬ ಪ್ರಶ್ನೆಗೆ ಆ ಮಗು ಏನು ಉತ್ತರ ಕೊಡಬೇಕು? 1983ರಲ್ಲಿ 498ಎ ಬಂತು, 1986ರಲ್ಲಿ 304ಬಿ ಬಂತು. 2024ರ ಜುಲೈ 1ರಿಂದ ಅವು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 80ನೇ ಕಲಮುಗಳಾಗಿವೆ. ಈ ಕಾನೂನುಗಳಿಗಾಗಿ ಹೆಣ್ಣುಮಕ್ಕಳು ಬೀದಿಗಿಳಿದು ಹೋರಾಡಿದರು. ಠಾಣೆಗೆ ಹೋದೆವು, ಕೋರ್ಟಿಗೆ ಹೋದೆವು. ಆದರೆ ಆ ಮನೆಯ ಮಗು ಮರುದಿನ ಶಾಲೆಗೆ ಹೇಗೆ ಹೋಯಿತು, ಬೆಂಚಿನಲ್ಲಿ ಪಕ್ಕಕ್ಕೆ ಯಾರು ಕೂತರು ಎಂದು ಕೇಳಿದವರು ಕಡಿಮೆ. ಇದನ್ನು ನಮ್ಮ ಮೇಲೆಯೇ ಹೇಳಿಕೊಳ್ಳುತ್ತಿದ್ದೇವೆ.

ಕಾಟಕ್ಕೆ ಸಿಕ್ಕ ಮಗುವಿಗೆ ನಾವು ಹೇಳುವ ಮಾತುಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. “ನೀನೇನು ಮಾಡಿದ್ದೆ ಅವರಿಗೆ?” “ಸುಮ್ಮನೆ ಯಾಕೆ ಬೈತಾರೆ?” “ತಲೆಗೆ ಹಾಕ್ಕೋಬೇಡ.” “ಹೊಂದಿಕೊಂಡು ಹೋಗು.” “ಮನೆ ಮಾತು ಹೊರಗೆ ಹೇಳಬೇಡ.” ಈ ಮಾತುಗಳು ಎಲ್ಲಿಯವು? ಹೊಡೆತ ತಿಂದು ತವರಿಗೆ ಬಂದಾಗ ನಮಗೆ ಹೇಳಿದ ಮಾತುಗಳೇ ಅಲ್ಲವೇ? ಅಂದು ಆ ಮಾತು ಕೇಳಿ ನಮ್ಮ ಎದೆ ಒಡೆದಿತ್ತು. ಇಂದು ಅದನ್ನೇ ನಮ್ಮ ಮಗುವಿಗೆ ಹೇಳುತ್ತಿದ್ದೇವೆ. ಇದಕ್ಕಾಗಿಯೇ ಈ ವಿಷಯ ಈ ಪತ್ರಿಕೆಯದ್ದು. ಸಹಿಸಿಕೊಳ್ಳುವುದನ್ನು ಹೆಣ್ಣುಮಗು ಗಂಡನ ಮನೆಯಲ್ಲಿ ಕಲಿಯುವುದಿಲ್ಲ, ಶಾಲೆಯ ಅಂಗಳದಲ್ಲೇ ಕಲಿತಿರುತ್ತಾಳೆ. ಹೊಡೆದರೂ ಯಾರೂ ಕೇಳುವುದಿಲ್ಲ ಎಂಬುದನ್ನೂ ಗಂಡುಮಗು ಅಲ್ಲೇ ಕಲಿತಿರುತ್ತಾನೆ.

ಇನ್ನು ಕೆಲವರು “ನೀನೂ ಎರಡು ಕೊಟ್ಟು ಬಾ” ಎನ್ನುತ್ತಾರೆ. ಇದಕ್ಕೆ ನಮ್ಮ ನೆಲದ್ದೇ ಒಂದು ಹಳೆಯ ಕತೆಯಿದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಕಲ್ಲಿನ ಕಂಬವಿದೆ. ಕುಬ್ಜ ಎಂಬ ಕವಿ ರಚಿಸಿದ ಐದನೇ ಶತಮಾನದ ಶಾಸನ ಅದರ ಮೇಲಿದೆ. ಈ ಊರಿನ ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಓದಲೆಂದು ಕಂಚಿಯ ಘಟಿಕೆಗೆ, ಅಂದರೆ ಅಂದಿನ ದೊಡ್ಡ ವಿದ್ಯಾಲಯಕ್ಕೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಗಿ ಅವಮಾನಪಟ್ಟ. ಪುಸ್ತಕ ಬಿಟ್ಟು ಕತ್ತಿ ಹಿಡಿದ. ಕೊನೆಗೆ ಕದಂಬ ರಾಜ್ಯ ಕಟ್ಟಿದ. ಬನವಾಸಿ ಅದರ ರಾಜಧಾನಿಯಾಯಿತು.

ಕತೆ ರೋಮಾಂಚಕವಾಗಿದೆ, ಪಠ್ಯಪುಸ್ತಕದಲ್ಲೂ ಇದೆ. ಆದರೆ ತಾಯಂದಿರಾಗಿ ನಾವು ಅದನ್ನು ಬೇರೆ ರೀತಿ ಓದಬೇಕು. ಓದಲು ಹೋದವನೊಬ್ಬ ಅವಮಾನದಿಂದ ಓದು ಬಿಟ್ಟ, ಆ ಗಾಯ ಎಷ್ಟು ಆಳವಾಗಿತ್ತೆಂದರೆ ನೂರು ವರ್ಷದ ಮೇಲೂ ಅವನ ವಂಶದವರು ಅದನ್ನು ಕಲ್ಲಿನಲ್ಲಿ ಕೊರೆಸಿಟ್ಟರು. ಅವಮಾನವಾದವರಲ್ಲಿ ಸಾವಿರಕ್ಕೊಬ್ಬ ರಾಜನಾಗಬಹುದು. ಉಳಿದವರು ಶಾಲೆ ಬಿಟ್ಟು ಕೂಲಿಗೆ ಹೋಗುತ್ತಾರೆ. ಅವರ ಹೆಸರನ್ನು ಯಾವ ಕಂಬವೂ ಹೇಳುವುದಿಲ್ಲ. ಎರಡು ಕೊಟ್ಟು ಬಾ ಎಂದು ಕಳಿಸಿದ ಮಗು ನಾಲ್ಕು ತಿಂದು ಬರುತ್ತದೆ, ಇಲ್ಲವೇ ತನಗಿಂತ ಚಿಕ್ಕವರ ಮೇಲೆ ಕೈಮಾಡಲು ಕಲಿಯುತ್ತದೆ.

ಡಾ. ಅಂಬೇಡ್ಕರ್ ಅವರ ಬಾಲ್ಯ ನಮಗೆಲ್ಲ ಗೊತ್ತಿರುವುದೇ. ಸಾತಾರಾದ ಶಾಲೆಯಲ್ಲಿ ಅವರು ಕೂರಲು ಗೋಣಿತಟ್ಟನ್ನು ಮನೆಯಿಂದಲೇ ತರಬೇಕಿತ್ತು. ನಲ್ಲಿಯನ್ನು ತಾನೇ ಮುಟ್ಟುವಂತಿರಲಿಲ್ಲ. ಜವಾನ ಬಂದು ನಲ್ಲಿ ತಿರುಗಿಸಿದರೆ ಮಾತ್ರ ನೀರು. ಜವಾನ ಇಲ್ಲದ ದಿನ ನೀರೂ ಇಲ್ಲ. ದೊಡ್ಡವರಾದ ಮೇಲೆ, ದೊಡ್ಡ ದೊಡ್ಡ ಪದವಿ ಪಡೆದ ಮೇಲೂ ಅವರು ಇದನ್ನು ಮರೆಯದೆ ಬರೆದಿಟ್ಟರು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದವರಿಗೇ ಬಾಲ್ಯದ ಆ ಬಾಯಾರಿಕೆ ಮರೆಯಲಿಲ್ಲ. ನಮ್ಮ ಮಗು ಮರೆತುಬಿಡುತ್ತದೆ ಎಂದು ನಾವು ಹೇಗೆ ಹೇಳುವುದು?

ಈ ಕಾಟ ನಮ್ಮೂರಿಗಷ್ಟೇ ಇರುವುದಲ್ಲ. ಲೋಕದ ಮೂವರು ಶಾಲಾಮಕ್ಕಳಲ್ಲಿ ಸುಮಾರು ಒಬ್ಬರು ಹಿಂದಿನ ಒಂದು ತಿಂಗಳಲ್ಲೇ ಇಂಥ ಕಾಟ ಅನುಭವಿಸಿದ್ದರೆಂದು ಯುನೆಸ್ಕೋ ಸಂಸ್ಥೆಯ 2019ರ ವರದಿ ಹೇಳಿತು. ನಾರ್ವೆ ಎಂಬ ಶ್ರೀಮಂತ ದೇಶದಲ್ಲಿ 1982ರ ಕೊನೆಯ ಹೊತ್ತಿಗೆ ಮೂವರು ಹುಡುಗರು ಜೀವ ಕಳೆದುಕೊಂಡರು. ಶಾಲೆಯಲ್ಲಿನ ಕಾಟವೇ ಕಾರಣವಿರಬೇಕೆಂದು ದೇಶವೇ ಬೆಚ್ಚಿತು. 1983ರಲ್ಲಿ ಸರ್ಕಾರ ದೇಶದ ಎಲ್ಲ ಶಾಲೆಗಳಲ್ಲಿ ಇದರ ವಿರುದ್ಧ ಆಂದೋಲನ ಮಾಡಿತು. ಡಾನ್ ಓಲ್ವೆಯಸ್ ಎಂಬ ಮನಶ್ಶಾಸ್ತ್ರಜ್ಞರು ಅದಕ್ಕೆ ದಾರಿ ತೋರಿಸಿದರು. ಮಾಡಿದ್ದೇನು? ಆಟದ ಹೊತ್ತಿನಲ್ಲಿ ದೊಡ್ಡವರು ಅಂಗಳದಲ್ಲಿರುವುದು, ತರಗತಿಯಲ್ಲೇ ಮಕ್ಕಳ ಜೊತೆ ಕೂತು ನಿಯಮ ಮಾಡುವುದು, ಎರಡೂ ಕಡೆಯ ತಾಯಿತಂದೆಯರನ್ನು ಕರೆದು ಮಾತಾಡುವುದು. ಇದರಲ್ಲಿ ದುಡ್ಡು ಖರ್ಚಾಗುವಂಥದ್ದು ಯಾವುದಿದೆ? ದೊಡ್ಡವರು ಗಂಭೀರವಾಗಿ ತೆಗೆದುಕೊಂಡರೆ ಕಾಟ ಕಡಿಮೆಯಾಗುತ್ತದೆ ಎಂಬುದನ್ನು ಆ ಪ್ರಯತ್ನ ತೋರಿಸಿಕೊಟ್ಟಿತು. ಫಿನ್ಲೆಂಡಿನವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸುತ್ತ ನಿಂತು ನೋಡುವ ಮಕ್ಕಳನ್ನೇ ಹಿಡಿದರು. ನಗುವವರು ನಗುವುದನ್ನು ನಿಲ್ಲಿಸಿದರೆ ಕಾಡುವವನ ಆಟ ಅರ್ಧ ಮುಗಿದಂತೆ.

ಹಾಗಾದರೆ ನಾವು ಏನು ಮಾಡಬೇಕು? ಮನೆಯಿಂದಲೇ ಶುರುಮಾಡೋಣ.

ಮಗು ಬಾಯಿಬಿಟ್ಟು ಹೇಳುವುದು ಅಪರೂಪ. ಹೇಳಿದರೆ ಅವ್ವ ನೊಂದುಕೊಳ್ಳುತ್ತಾಳೆ, ಅಪ್ಪ ಹೊಡೆಯುತ್ತಾನೆ, ನಾಳೆ ಕಾಟ ಇನ್ನೂ ಹೆಚ್ಚಾಗುತ್ತದೆ ಎಂಬ ಭಯ. ಹೊಡೆತ ಬಡಿತ ನಡೆಯುವ ಮನೆಯ ಮಗುವಂತೂ ‘ಅವ್ವಂಗೆ ಅವಳದ್ದೇ ಸಾಕಷ್ಟಿದೆ’ ಎಂದು ನುಂಗಿಕೊಳ್ಳುತ್ತದೆ. ಆದ್ದರಿಂದ ಗುರುತುಗಳನ್ನು ನಾವೇ ನೋಡಬೇಕು. ಶಾಲೆಯ ದಿನ ಮಾತ್ರ ಬರುವ ಹೊಟ್ಟೆನೋವು, ತಲೆನೋವು. ಹರಿದ ಅಂಗಿ, ಕಳೆದುಹೋದ ಪೆನ್ನು, ಮತ್ತೆ ಮತ್ತೆ ದುಡ್ಡು ಕೇಳುವುದು. ಬಳಸು ದಾರಿಯಲ್ಲಿ ಮನೆಗೆ ಬರುವುದು. ರಾತ್ರಿ ಹಾಸಿಗೆ ಒದ್ದೆಯಾಗುವುದು. ಚೆನ್ನಾಗಿ ಓದುತ್ತಿದ್ದ ಮಗು ಹಿಂದೆ ಬೀಳುವುದು. ತಮ್ಮತಂಗಿಯರ ಮೇಲೆ ಸುಮ್ಮಸುಮ್ಮನೆ ರೇಗುವುದು. ಒಂದು ಗುರುತಿನಿಂದ ಏನೂ ತೀರ್ಮಾನವಾಗುವುದಿಲ್ಲ. ಮೂರು ನಾಲ್ಕು ಸೇರಿದರೆ ಕೂತು ಕೇಳಬೇಕು.

ಕೇಳುವುದಕ್ಕೂ ಒಂದು ರೀತಿಯಿದೆ. “ಯಾರು ಹೊಡೆದರು ಹೇಳು” ಎಂದು ಪೊಲೀಸರಂತೆ ಗದರಿದರೆ ಮಗು ಮುದುಡುತ್ತದೆ. ತಲೆ ಬಾಚುವಾಗ, ಕಾಳು ಸುಲಿಯುವಾಗ, ಜೊತೆಯಲ್ಲಿ ನಡೆದು ಬರುವಾಗ ಮಾತು ತಾನಾಗಿ ಬರುತ್ತದೆ. “ಇವತ್ತು ಊಟಕ್ಕೆ ಯಾರ ಪಕ್ಕ ಕೂತಿದ್ದೆ?” ಎಂಬ ಚಿಕ್ಕ ಪ್ರಶ್ನೆಯಿಂದ ಎಷ್ಟೋ ತಿಳಿಯುತ್ತದೆ. ಮಗು ಹೇಳಿದಾಗ ನಡುವೆ ಬಾಯಿಹಾಕಬೇಡಿ. ಕೇಳಿ ಮುಗಿದ ಮೇಲೆ ಮೂರು ಮಾತು ಹೇಳಿ: ನೀನು ಹೇಳಿದ್ದನ್ನು ನಾನು ನಂಬುತ್ತೇನೆ. ಇದರಲ್ಲಿ ನಿನ್ನ ತಪ್ಪಿಲ್ಲ. ನಾವಿಬ್ಬರೂ ಸೇರಿ ಏನು ಮಾಡುವುದೆಂದು ನೋಡೋಣ. ಹೊಡೆತ ತಿಂದ ದಿನ ಈ ಮೂರು ಮಾತನ್ನು ನಮಗೆ ಯಾರಾದರೂ ಹೇಳಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸಿ, ಆಗ ಅವುಗಳ ಬೆಲೆ ತಿಳಿಯುತ್ತದೆ.

ಅಪ್ಪ ಅವ್ವನ ವಿಷಯಕ್ಕೆ ಹಂಗಿಸುತ್ತಿದ್ದರೆ ಮಗುವಿಗೆ ಒಂದು ಉತ್ತರ ಕೊಟ್ಟು ಕಳಿಸಿ. ಸುಳ್ಳು ಬೇಡ, ಉದ್ದದ ಕತೆಯೂ ಬೇಡ. “ನಾನು ಅವ್ವನ ಜೊತೆ ಇರ್ತೀನಿ” ಎಂಬುದು ಸಾಕು. ತಲೆ ಎತ್ತಿ ಹೇಳುವುದನ್ನು ಮನೆಯಲ್ಲೇ ನಾಲ್ಕು ಸಲ ಹೇಳಿಸಿ. ಅವ್ವ ಮನೆ ಬಿಟ್ಟು ಬಂದಿದ್ದು ನಾಚಿಕೆಯ ವಿಷಯವಲ್ಲ ಎಂದು ಮೊದಲು ನಮಗೆ ಅನ್ನಿಸಬೇಕು, ಆಗಲೇ ಮಗುವಿಗೂ ಅನ್ನಿಸುತ್ತದೆ. ಬೇಡದ ಅರಸನನ್ನು ಬಿಟ್ಟು ಹೊರಟ ಅಕ್ಕಮಹಾದೇವಿ ಹುಟ್ಟಿದ್ದು ಇದೇ ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ. ಆಕೆಯನ್ನು ಪೂಜಿಸುವ ಊರುಗಳಲ್ಲೇ ಗಂಡನನ್ನು ಬಿಟ್ಟು ಬಂದವಳ ಮಗುವನ್ನು ಹಂಗಿಸುತ್ತಾರೆಂದರೆ ಏನು ಹೇಳುವುದು!

ನಂತರ ಶಾಲೆ. ಸಿಟ್ಟಿನಲ್ಲಿ ಓಡಿಹೋಗಿ ಕಾಡುವ ಮಗುವಿನ ಕಿವಿ ಹಿಂಡಬೇಡಿ, ಅದರ ಮನೆ ಮುಂದೆ ನಿಂತು ಬೈಯಬೇಡಿ. ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಯಾವ ದಿನ, ಎಲ್ಲಿ, ಯಾರು, ಏನೆಂದರು, ಯಾರು ನೋಡಿದರು. ಬರೆಯಲು ಬಾರದಿದ್ದರೆ ಸಂಘದ ಪುಸ್ತಕ ಬರೆಯುವ ಗೆಳತಿಯಿಂದ ಬರೆಸಿ. ತರಗತಿಯ ಶಿಕ್ಷಕರನ್ನು ಭೇಟಿಯಾಗಿ. ಒಬ್ಬರೇ ಹೋಗಬೇಡಿ, ಸಂಘದ ಇನ್ನಿಬ್ಬರನ್ನು ಕರೆದುಕೊಂಡು ಹೋಗಿ. ಜಗಳಕ್ಕೆ ಹೋಗುವುದಲ್ಲ, ಕೇಳಲು ಹೋಗುವುದು. ಹೆಚ್ಚಿನ ಶಿಕ್ಷಕರು ಒಳ್ಳೆಯವರೇ. ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳುವ ಶಾಲೆಯಲ್ಲಿ ಎಲ್ಲವೂ ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ಕಾಟ ನಡೆಯುವ ಜಾಗ ಯಾವುದು ಎಂದು ಹೇಳಿ. ಶೌಚಾಲಯದ ಹಿಂದೆಯೋ, ಊಟದ ಸಾಲಿನಲ್ಲೋ, ಬಸ್ಸಿನಲ್ಲೋ, ಅಡಿಕೆ ತೋಟದ ದಾರಿಯಲ್ಲೋ. ಆ ಜಾಗದಲ್ಲಿ ಒಬ್ಬ ದೊಡ್ಡವರು ನಿಂತರೆ ಅರ್ಧ ಕಾಟ ಅಲ್ಲಿಗೇ ನಿಲ್ಲುತ್ತದೆ. ಎರಡು ವಾರ ಬಿಟ್ಟು ಮತ್ತೆ ಹೋಗಿ ಕೇಳಿ.

ಅಲ್ಲಿ ಆಗದಿದ್ದರೆ ಮುಖ್ಯ ಶಿಕ್ಷಕರಿಗೆ, ಎಸ್.ಡಿ.ಎಂ.ಸಿ.ಗೆ ಬರಹದಲ್ಲಿ ದೂರು ಕೊಟ್ಟು, ಒಂದು ಪ್ರತಿಗೆ ಸಹಿ ಪಡೆಯಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ತಾಯಿತಂದೆಯರೇ ಇರಬೇಕು, ಒಟ್ಟು ಅರ್ಧದಷ್ಟು ಹೆಂಗಸರಿರಬೇಕು. ಈ ಕುರ್ಚಿಗಳಲ್ಲಿ ನಾವು ಕೂತಿದ್ದೇವೆಯೇ, ಅಥವಾ ಸಹಿ ನಮ್ಮದು, ಮಾತು ಗಂಡಂದಿರದ್ದೇ? ಅಲ್ಲೂ ಆಗದಿದ್ದರೆ ತಾಲ್ಲೂಕಿನ ಬಿ.ಇ.ಒ. ಕಚೇರಿಯಿದೆ. ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಿದೆ, ಅಲ್ಲಿ ಮಕ್ಕಳೇ ಎದ್ದುನಿಂತು ಹೇಳಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ. ಈ ನಾಲ್ಕು ಅಂಕಿಗಳನ್ನು ನಮ್ಮ ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸೋಣ. ಮಗು ಊಟ ಬಿಟ್ಟು, ಮಾತು ಬಿಟ್ಟು ಕೂತಿದ್ದರೆ, ‘ಸಾಯಬೇಕು ಅನ್ಸುತ್ತೆ’ ಎಂದರೆ ಅದನ್ನು ಬೆದರಿಕೆಯೆಂದು ಬೈಯಬೇಡಿ. ಒಬ್ಬಂಟಿಯಾಗಿ ಬಿಡಬೇಡಿ, ಅಂದೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. 14416 ಎಂಬ ಟೆಲಿ ಮಾನಸ್ ಸಂಖ್ಯೆಗೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕೆಲವು ವಿಷಯಗಳನ್ನು ಶಾಲೆಯೊಳಗೆ ಮಾತಾಡಿ ಮುಗಿಸುವಂತಿಲ್ಲ. ಮೈಮುಟ್ಟುವುದು, ಬಟ್ಟೆ ಎಳೆಯುವುದು, ಮೊಬೈಲಿನಲ್ಲಿ ಹೊಲಸು ಚಿತ್ರ ತೆಗೆಯುವುದು, ಕಳಿಸುವುದು ನಡೆದರೆ ಅದು 2012ರ ಪೋಕ್ಸೋ ಕಾಯ್ದೆಗೆ ಬರುತ್ತದೆ. ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದು ಅಪರಾಧ. ಮಗುವಿನ ಹೆಸರು ಹೊರಗೆ ಬರಬಾರದು. ಮೊಬೈಲಿಗೆ ಬಂದದ್ದನ್ನು ಸಿಟ್ಟಿನಲ್ಲಿ ಅಳಿಸಬೇಡಿ, ಅದೇ ಸಾಕ್ಷಿ. ಜಾತಿ ಹಿಡಿದು ಸಾರ್ವಜನಿಕವಾಗಿ ಅವಮಾನಿಸುವುದಕ್ಕೆ 1989ರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಿದೆ. ತಪ್ಪು ಮಾಡಿದವನು 18 ತುಂಬದವನಾಗಿದ್ದರೆ ಅವನ ವಿಚಾರಣೆ ಸಾಮಾನ್ಯವಾಗಿ ಬಾಲ ನ್ಯಾಯ ಮಂಡಳಿಯಲ್ಲಿ, ಅವನನ್ನು ತಿದ್ದುವ ಉದ್ದೇಶದಿಂದ ನಡೆಯುತ್ತದೆ. ಕಾಡುವವರು ಶಿಕ್ಷಕರೇ ಆದರೆ? ‘ಕರಿಯ’, ‘ದಡ್ಡ’, ‘ಗಂಡ ಬಿಟ್ಟವಳ ಮಗ’ ಎಂದು ತರಗತಿಯಲ್ಲೇ ಕರೆದರೆ? ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

ನಮ್ಮ ಅಕ್ಕತಂಗಿಯರಿಗೆ ಬೇಕಾದ ಇನ್ನೆರಡು ಮಾತು. ಗಂಡ ಶಾಲೆಯ ಗೇಟಿನ ಮುಂದೆ ಬಂದು ಕೂಗಾಡುವುದು, ಮಗುವನ್ನು ಎಳೆದೊಯ್ಯಲು ನೋಡುವುದು, ಆ ರಂಪವನ್ನು ನೋಡಿ ಉಳಿದ ಮಕ್ಕಳು ಅಣಕಿಸುವುದು ನಮಗೆ ಹೊಸದಲ್ಲ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಕಾಯ್ದೆಯ 18ನೇ ಕಲಮಿನಲ್ಲಿ, ನೊಂದವರು ಮಗುವಾಗಿದ್ದರೆ ಆ ಮಗುವಿನ ಶಾಲೆಗೆ ಕಾಲಿಡದಂತೆ ದೌರ್ಜನ್ಯ ಮಾಡಿದವನಿಗೆ ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. 21ನೇ ಕಲಮಿನಲ್ಲಿ ಮಗುವನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೇಳಬಹುದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿಯ ಮೂಲಕ ನಮಗೆಲ್ಲ ಗೊತ್ತಿರುವ ಕಚೇರಿ ಅದು. ಅರ್ಜಿಯಲ್ಲಿ ಶಾಲೆಯ ಹೆಸರನ್ನೂ ಬರೆಸಲು ಮರೆಯಬೇಡಿ. ಹಾಗೆಯೇ ‘ಅಪ್ಪ ಬರದಿದ್ದರೆ ಆಗಲ್ಲ’ ಎಂದು ಎಲ್ಲರೆದುರು ಮಗುವಿಗೆ ಹೇಳಿದರೆ, ತಾಯಿಯೂ ಪೋಷಕಿಯೇ ಎಂದು ನೆನಪಿಸಿ. ತಂದೆ ಜೊತೆಯಲ್ಲಿಲ್ಲದಿದ್ದಾಗ ತಾಯಿಯೂ ಸಹಜ ಪೋಷಕಿ ಎಂದು ಸುಪ್ರೀಂ ಕೋರ್ಟು ಗೀತಾ ಹರಿಹರನ್ ಅವರ ಪ್ರಕರಣದಲ್ಲಿ 1999ರಲ್ಲೇ ಹೇಳಿದೆ.

ಈಗ ಎಲ್ಲಕ್ಕಿಂತ ಕಷ್ಟದ ಮಾತು. ಕಾಡುವ ಹುಡುಗನ ಅವ್ವ ಯಾರು? ಬಹಳ ಸಲ ಆಕೆ ನಮ್ಮ ಸಂಘದಲ್ಲೇ ಇರುತ್ತಾಳೆ. ಅದೇ ಜಮಖಾನೆಯ ಮೇಲೆ ಕೂತು, ಅದೇ ಪುಸ್ತಕಕ್ಕೆ ಹಣ ಕಟ್ಟುತ್ತಾಳೆ. ನಮ್ಮ ಸಾಲಕ್ಕೆ ಅವಳ ಜಾಮೀನು, ಅವಳ ಸಾಲಕ್ಕೆ ನಮ್ಮ ಜಾಮೀನು. ಇಬ್ಬರು ಮಕ್ಕಳ ಮಾತು ದೊಡ್ಡದಾಗಿ ಸಂಘವೇ ಒಡೆಯುವ ಭಯದಿಂದ ಎಷ್ಟೋ ಅವ್ವಂದಿರು ಸುಮ್ಮನಾಗುತ್ತಾರೆ. ಜಾತಿ ಬೇರೆಯಾಗಿದ್ದರಂತೂ ಕೇಳುವುದೇ ಬೇಡ. ಹಾಗೆಂದು ಸುಮ್ಮನಿದ್ದರೆ ಸಂಘ ಉಳಿಯುತ್ತದೆಯೇ? ಒಳಗೊಳಗೇ ಕೊಳೆಯುತ್ತದೆ.

ಆಕೆಯ ಕಡೆಯಿಂದಲೂ ನೋಡೋಣ. “ನಿನ್ನ ಮಗ ರೌಡಿ” ಎಂದರೆ ಯಾವ ತಾಯಿ ಒಪ್ಪುತ್ತಾಳೆ? ಆ ಹುಡುಗ ಹುಟ್ಟುತ್ತಲೇ ಕೈಯೆತ್ತಿದವನಲ್ಲ. ಅವನ ಮನೆಯಲ್ಲಿ ಯಾರು ಯಾರಿಗೆ ಹೊಡೆಯುತ್ತಾರೆ? ಬಲವಿದ್ದವನು ಹೊಡೆಯಬಹುದು, ಬಲವಿಲ್ಲದವರು ತಿನ್ನಬೇಕು ಎಂಬ ಪಾಠ ಅವನು ಕಲಿತದ್ದು ಅವ್ವನ ಬೆನ್ನಿನ ಮೇಲಿನ ಬಾಸುಂಡೆಯಿಂದಲೇ ಇರಬಹುದು. ಹಾಗಿದ್ದರೆ ಆಕೆಯೂ ನಮ್ಮ ನೆರವು ಬೇಕಾದವಳೇ. ಆದ್ದರಿಂದ ಈ ಮಾತನ್ನು ತುಂಬಿದ ಸಭೆಯಲ್ಲಿ ಎತ್ತಬೇಡಿ. ಇಬ್ಬರಿಗೂ ಬೇಕಾದ ಹಿರಿಯ ಗೆಳತಿಯೊಬ್ಬಳು ಆಕೆಯ ಮನೆಗೆ ಹೋಗಿ, ಆದದ್ದನ್ನು ಆದಷ್ಟೇ ಹೇಳಲಿ, ಹೆಸರಿಡದಿರಲಿ. “ಅವನಿಗೆ ಹೊಡೆಯಬೇಡ, ಹೊಡೆದರೆ ನಾಳೆ ಅದನ್ನೇ ಇನ್ನೊಂದು ಮಗುವಿಗೆ ಕೊಡುತ್ತಾನೆ” ಎಂದೂ ಹೇಳಲಿ. ಆಮೇಲೆ ಇಬ್ಬರು ಅವ್ವಂದಿರೂ ಒಟ್ಟಿಗೆ ಶಾಲೆಗೆ ಹೋಗಲಿ. ಅವರಿಬ್ಬರು ಜೊತೆಯಾಗಿ ಗೇಟು ದಾಟಿ ಬರುವುದನ್ನು ಮಕ್ಕಳು ನೋಡಿದರೆ ಅರ್ಧ ಕೆಲಸ ಆದಂತೆ. ಕಾಟ ಮಾತ್ರ ನಿಲ್ಲಲೇಬೇಕು. ಸಂಘದ ಸ್ನೇಹಕ್ಕಾಗಿ ಒಂದು ಮಗು ನಾಳೆಯೂ ಹೊಡೆತ ತಿನ್ನಬೇಕು ಎಂಬ ರಾಜಿ ಬೇಡ.

ನಮ್ಮ ಕೈಯನ್ನೂ ನೋಡಿಕೊಳ್ಳಬೇಕು. ಗಂಡನ ಮೇಲಿನ ಸಿಟ್ಟು, ಅತ್ತೆಯ ಮೇಲಿನ ಸಿಟ್ಟು, ಸಾಲದ ಕಂತಿನ ಚಿಂತೆ ಎಲ್ಲವೂ ಕೊನೆಗೆ ಇಳಿಯುವುದು ಮಗುವಿನ ಬೆನ್ನಿನ ಮೇಲೆ. ನಮ್ಮ ಬಾಯನ್ನೂ ನೋಡಿಕೊಳ್ಳಬೇಕು. ನಲ್ಲಿಯ ಕಟ್ಟೆಯಲ್ಲಿ ನಾವು ಇನ್ನೊಬ್ಬಳ ಬಗ್ಗೆ ಆಡುವ ಮಾತು ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಅವಳ ಮಗುವಿನ ಕಿವಿಯಲ್ಲಿರುತ್ತದೆ.

ಒಂದು ತಪ್ಪನ್ನಂತೂ ಮಾಡಲೇಬೇಡಿ. ಕಾಟ ತಪ್ಪಿಸಲು ಮಗಳನ್ನು ಶಾಲೆ ಬಿಡಿಸಬೇಡಿ. ಏಳನೇ ತರಗತಿ ಮುಗಿಸಿ ಹೈಸ್ಕೂಲಿಗೆ ಬೇರೆ ಊರಿಗೆ ನಡೆದು ಹೋಗುವ ಹುಡುಗಿಯನ್ನು ದಾರಿಯಲ್ಲಿ ಚುಡಾಯಿಸುತ್ತಾರೆ. ಮುಟ್ಟಿನ ಕಲೆ ಕಂಡು ನಗುತ್ತಾರೆ. “ಸಾಕು, ಮನೆಯಲ್ಲಿರು” ಎನ್ನುತ್ತೇವೆ. ಮನೆಯಲ್ಲಿದ್ದವಳಿಗೆ ಗಂಡು ಬರುತ್ತದೆ. 18 ತುಂಬುವ ಮೊದಲೇ ಮದುವೆ, ಓದಿಲ್ಲವೆಂದು ಇನ್ನಷ್ಟು ವರದಕ್ಷಿಣೆ, ಕೈಯಲ್ಲಿ ಕೆಲಸವಿಲ್ಲದ್ದರಿಂದ ಹೊಡೆದರೂ ಹೊರಬರಲಾಗದ ಸ್ಥಿತಿ. ನಮ್ಮ ಸಂಘಗಳ ಮುಂದೆ ಬರುವ ಎಷ್ಟೋ ದುಃಖದ ಕತೆಗಳ ಬೇರು ಆ ಶಾಲೆಯ ದಾರಿಯಲ್ಲಿದೆ. ತಪ್ಪು ಮಾಡಿದವರು ಶಾಲೆಯಲ್ಲಿ, ತಪ್ಪಿಲ್ಲದವಳು ಮನೆಯಲ್ಲಿ, ಇದೆಂಥ ನ್ಯಾಯ? ಹುಡುಗಿ ಶಾಲೆ ಬಿಡುವ ಬದಲು ನಾವೇ ಸರದಿಯಲ್ಲಿ ದಾರಿಗೆ ಇಳಿಯೋಣ. ಸಂಘದಲ್ಲಿ 15 ಜನರಿದ್ದರೆ ದಿನಕ್ಕೊಬ್ಬರಂತೆ ತಿಂಗಳಿಗೆ ಎರಡೇ ದಿನ ಒಬ್ಬರ ಪಾಲಿಗೆ ಬರುತ್ತದೆ. ಅಷ್ಟು ಹೊತ್ತು ನಾವು ಕೊಡಲಾರೆವೇ?

ತಾಳಗುಂದದಿಂದ ದೂರವಲ್ಲದ ಬಳ್ಳಿಗಾವಿಯಲ್ಲಿ ಕೋಡಿಯಮಠ ಎಂಬ ದೊಡ್ಡ ವಿದ್ಯಾಕೇಂದ್ರವಿತ್ತು. ಅಲ್ಲಿ ಏನೇನು ನಡೆಯುತ್ತಿತ್ತು ಎಂದು 1162ರ ಶಾಸನವೊಂದು ಉದ್ದಕ್ಕೆ ಹೇಳುತ್ತದೆ. ವೇದ, ವ್ಯಾಕರಣ, ಕಾವ್ಯದ ಪಾಠ. ಅದರ ಜೊತೆಗೇ ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ. ರೋಗಿಗಳಿಗೆ ಔಷಧ. ಇಷ್ಟೆಲ್ಲಾ ಹೇಳಿ ಕೊನೆಗೆ, ಎಲ್ಲ ಜೀವಿಗಳಿಗೂ ಅಭಯ ಕೊಡುವ ಸ್ಥಾನ ಇದು ಎನ್ನುತ್ತದೆ. ಕಲಿಯುವ ಜಾಗ ಎಂದರೆ ಭಯವಿಲ್ಲದ ಜಾಗ ಎಂದು ಈ ನೆಲದವರು ಎಂಟುನೂರು ವರ್ಷಕ್ಕೂ ಹಿಂದೆಯೇ ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ. ಇಂದು ಅದೇ ಊರುಗಳ ಶಾಲೆಗಳಲ್ಲಿ ಬಿಸಿಯೂಟವಿದೆ, ಪುಸ್ತಕವಿದೆ, ಸಮವಸ್ತ್ರವಿದೆ. ಕುಂಟುವ ಮಗುವಿಗೆ, ತೊದಲುವ ಮಗುವಿಗೆ, ತಾಂಡಾದ ಮಗುವಿಗೆ, ಅವ್ವನ ಜೊತೆ ತವರಿಗೆ ಬಂದ ಮಗುವಿಗೆ ಅಭಯ ಇದೆಯೇ?

ಗೆಳತಿಯರೇ, ಬರುವ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಹೆಚ್ಚು ಕೂತುಕೊಳ್ಳಿ. “ನಿನ್ನ ಮಗು ಸಾಲಿಗೆ ಖುಷಿಯಿಂದ ಹೋಗ್ತದಾ?” ಎಂದು ಒಬ್ಬರನ್ನೊಬ್ಬರು ಕೇಳಿ. ಮೊದಲ ದಿನ ಎಲ್ಲರೂ ‘ಹೂಂ’ ಎನ್ನಬಹುದು. ಎರಡನೇ ವಾರವೂ ಕೇಳಿ. ಯಾರೋ ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡು ಮಾತು ಶುರುಮಾಡುತ್ತಾಳೆ. ಅವಳು ಹೇಳಿ ಮುಗಿಸುವ ತನಕ ಯಾರೂ ನಡುವೆ ಮಾತಾಡಬೇಡಿ. ಮುಗಿಸಿದ ಮೇಲೆ, ಮರುದಿನ ಅವಳ ಜೊತೆ ಶಾಲೆಗೆ ಹೋಗುವ ಇಬ್ಬರು ಯಾರು ಎಂದು ಅಲ್ಲೇ ತೀರ್ಮಾನಿಸಿ, ಪುಸ್ತಕದಲ್ಲಿ ಬರೆದುಕೊಳ್ಳಿ.